ಐದು ನಿಮಿಷದ ಚಪಲ, ನಾನೂರು ವರ್ಷದ ಕಥೆ

ಗುಟ್ಕಾ, ಖೈನಿ, ಜರ್ದಾ, ಕಡ್ಡಿಪುಡಿ – ಇದರಲ್ಲಿ ಯಾವುದನ್ನಾದ್ರೂ ಬಿಟ್ಟವರಿಗೆ, ಬಿಡೋಕೆ ಮುಂದಿನ ಸೋಮವಾರಕ್ಕೆ ಮುಹೂರ್ತ ಇಟ್ಕೊಂಡು ಕೂತವರಿಗೆ, ಅಂಥವರ ಜೊತೆ ಒಂದೇ ಪಿಜಿ ರೂಮಲ್ಲಿ ದಿನ ತಳ್ತಾ ಇರೋರಿಗೆ ಇವತ್ತಿನ ಎಪಿಸೋಡು.

ಬಿಟ್ಟವರು ಯಾರನ್ನೇ ಕೇಳಿ, ಒಂದೇ ಮಾತು ಹೇಳ್ತಾರೆ. ಬಿಡೋದು ಕಷ್ಟ ಅಲ್ಲ, ಬಿಟ್ಟ ಮೇಲೆ ಊಟ ಆದ ತಕ್ಷಣ ಬಾಯಿ ಖಾಲಿ ಖಾಲಿ ಅನ್ಸುತ್ತಲ್ಲ, ಅದು ಕಷ್ಟ. ಬಸ್ಸಿಗೆ ಕಾಯುವಾಗ ಕೈ ತಾನಾಗೇ ಜೇಬಿಗೆ ಹೋಗುತ್ತಲ್ಲ, ಅದು ಕಷ್ಟ. ಇದಕ್ಕೆ ನಾವು ಚಪಲ ಅಂತೀವಿ, ಉತ್ತರ ಕರ್ನಾಟಕದ ಕಡೆ ತಲಬು ಅಂತಾರೆ. ಹೆಸರು ಏನೇ ಇರಲಿ, ಅದು ಬಂದಾಗ ಮನುಷ್ಯನಿಗೆ ಅನ್ಸೋದು ಒಂದೇ: ನನ್ನಲ್ಲೇ ಏನೋ ಕೊರತೆ ಇದೆ, ನನಗೆ ಮನಸ್ಸು ಗಟ್ಟಿ ಇಲ್ಲ.

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಈ ವಿಷಯಕ್ಕೆ ಇತಿಹಾಸದ ಬಾಗಿಲಿಂದ ಬರ್ತೀನಿ. ಯಾಕಂದ್ರೆ ಈ ಚಪಲ ನಿಮ್ಮೊಳಗೆ ಹುಟ್ಟಿದ್ದಲ್ಲ, ಹೊರಗಡೆ ಜೋಡಿಸಿದ್ದು. ಅದಕ್ಕೆ ಮೂರು ಬಿಡಿಭಾಗ ಇವೆ: ಸುಣ್ಣ, ಸೊಪ್ಪು, ಸ್ಯಾಚೆ. ಮೂರೂ ಬೇರೆ ಬೇರೆ ಕಾಲದಲ್ಲಿ ನಮ್ಮ ಬಾಯಿಗೆ ಬಂದಿದ್ದು. ಯಾವುದು ಎಲ್ಲಿಂದ ಬಂತು, ಏನು ಕೆಲಸ ಮಾಡುತ್ತೆ ಅಂತ ಗೊತ್ತಾದ್ರೆ, ಬಿಚ್ಚೋದು ಸ್ವಲ್ಪ ಸುಲಭ ಆಗುತ್ತೆ.

ಮೊದಲು ಬಂದಿದ್ದು ಸುಣ್ಣ. ತಂಬಾಕಿಗಿಂತ ಎಷ್ಟೋ ಶತಮಾನ ಮೊದಲು.

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಅಂತ ಒಂದು ಸಂಸ್ಕೃತ ಗ್ರಂಥ ಬರೆಸಿದ. ಕಲ್ಯಾಣ ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ರಾಜನ ಸುಖ ಭೋಗಗಳನ್ನ ಪಟ್ಟಿ ಮಾಡೋ ಆ ಪುಸ್ತಕದಲ್ಲಿ ತಾಂಬೂಲಕ್ಕೂ ಒಂದು ಜಾಗ ಇದೆ. ವೀಳ್ಯದೆಲೆ, ಅಡಿಕೆ, ಸುಣ್ಣ, ಜೊತೆಗೆ ಪಚ್ಚಕರ್ಪೂರದಂಥ ಪರಿಮಳದ ಸಾಮಾನು. ಹೊಗೆಸೊಪ್ಪು ಇಲ್ಲ. ಇರೋದಕ್ಕೆ ಸಾಧ್ಯವೇ ಇಲ್ಲ, ಆ ಗಿಡ ಆಗ ಅಮೆರಿಕ ಖಂಡದಲ್ಲಿ ಮಾತ್ರ ಇತ್ತು.

ಆಮೇಲೆ 1443ರಲ್ಲಿ ಪರ್ಷಿಯಾ ಕಡೆಯ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಆಗ ಆಳ್ತಾ ಇದ್ದಿದ್ದು ಎರಡನೇ ದೇವರಾಯ. ಆಸ್ಥಾನದಲ್ಲಿ ಈ ಅತಿಥಿಗೆ ವೀಳ್ಯ, ಕರ್ಪೂರ ಕೊಟ್ರು. ಅವನು ವೀಳ್ಯದ ಬಗ್ಗೆ ಬೆರಗಿನಿಂದ ಬರ್ಕೊಂಡಿದಾನೆ: ಮುಖಕ್ಕೆ ಕಳೆ ಬರುತ್ತೆ, ಮದ್ಯದ ಥರ ಒಂದು ಮತ್ತು ಬರುತ್ತೆ, ಹಸಿವು ತಗ್ಗುತ್ತೆ ಅನ್ನೋ ಅರ್ಥದಲ್ಲಿ. ತಂಬಾಕು ಇಲ್ಲದೆ ಇಷ್ಟೆಲ್ಲ! ಅದು ಅಡಿಕೆಯ ಕೆಲಸ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ವಸ್ತುವಿಗೂ ಮೆದುಳನ್ನ ಚುರುಕು ಮಾಡೋ ಗುಣ ಇದೆ, ಅಭ್ಯಾಸ ಹಿಡಿಸೋ ಗುಣವೂ ಇದೆ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಹಾಗಾಗಿ ತಂಬಾಕು ಈ ನೆಲಕ್ಕೆ ಬರೋ ಹೊತ್ತಿಗೆ ನಮ್ಮಲ್ಲಿ ಅಗಿಯೋ ಅಭ್ಯಾಸ ಇತ್ತು, ಊಟ ಆದ್ಮೇಲೆ ಬಾಯಿಗೆ ಏನಾದ್ರೂ ಬೇಕು ಅನ್ನೋ ರೂಢಿ ಇತ್ತು, ಸುಣ್ಣದ ಡಬ್ಬಿ ತೆರೆದೇ ಇತ್ತು. ಹೊಸ ಅತಿಥಿಗೆ ಚಾಪೆ ಹಾಸಿಟ್ಟ ಹಾಗೆ.

ಆ ಅತಿಥಿ ಪೋರ್ಚುಗೀಸರ ಹಡಗಲ್ಲಿ ಪಶ್ಚಿಮ ಕರಾವಳಿಗೆ ಬಂತು. ಮೊಘಲರ ಕಡೆಯಿಂದ ಅದರ ಬಗ್ಗೆ ಸಿಗೋ ಮೊದಮೊದಲ ವಿವರವಾದ ಬರಹದಲ್ಲಿ ಬರೋ ಊರು ಯಾವುದು ಗೊತ್ತಾ? ನಮ್ಮ ವಿಜಯಪುರ. 1604ರ ಆಸುಪಾಸಿನಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಕಾಲ ಅದು, ಇಬ್ರಾಹಿಂ ರೋಜಾ ನೋಡಿರ್ತೀರಲ್ಲ, ಅದೇ ಇಬ್ರಾಹಿಂ. ಅಲ್ಲಿ ಅಸದ್ ಬೇಗ್ ತಂಬಾಕು ನೋಡಿದ. ಉತ್ತರದಲ್ಲಿ ಎಲ್ಲೂ ನೋಡಿರಲಿಲ್ಲ. ಒಂದು ಚಂದದ ಹುಕ್ಕಾ ಸಮೇತ ಸ್ವಲ್ಪ ಕಟ್ಕೊಂಡು ಆಗ್ರಾಕ್ಕೆ ಹೋದ.

ಅಕ್ಬರ್ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮರಿಗೆ ಗಾಬರಿ. ಇದು ನಮ್ಮ ವೈದ್ಯ ಗ್ರಂಥಗಳಲ್ಲಿ ಇಲ್ಲದ ವಸ್ತು, ಪರೀಕ್ಷೆ ಆಗದೆ ಬಾದಶಹರಿಗೆ ಕೊಡಬಾರದು ಅಂತ ವಾದ ಮಾಡಿದ್ರು. ಅಸದ್ ಬೇಗ್ ಅವರ ಜೊತೆ ಜಗಳಕ್ಕೇ ನಿಂತ. ಅಕ್ಬರ್ ಅಲ್ಲಿಗೆ ನಿಲ್ಲಿಸಿದ, ಅಭ್ಯಾಸ ಮಾಡ್ಕೊಳ್ಳಲಿಲ್ಲ. ಆದ್ರೆ ಅಸದ್ ಬೇಗ್ ದರ್ಬಾರಿನ ಸರದಾರರಿಗೂ ಹಂಚಿದ್ದ, ಅವರೆಲ್ಲ ಇನ್ನಷ್ಟು ಕೇಳಿದ್ರು. ವ್ಯಾಪಾರಿಗಳು ತರಿಸೋಕೆ ಶುರು ಮಾಡಿದ್ರು. ಕಾಮರ್ಸ್ ಓದಿದವನ ಕಣ್ಣಿಗೆ ಇದು ಚೆನ್ನಾಗಿ ಗೊತ್ತಿರೋ ದಾರಿ: ಮೊದಲು ಫ್ರೀ ಸ್ಯಾಂಪಲ್, ಆಮೇಲೆ ಬೇಡಿಕೆ, ಆಮೇಲೆ ಪೂರೈಕೆ.

ಅಕ್ಬರನ ಮಗ ಜಹಾಂಗೀರ್ ಸುಮಾರು 1617ರಲ್ಲಿ ತಂಬಾಕನ್ನ ನಿಷೇಧಿಸಿದ. ಪರ್ಷಿಯಾದ ಶಾ ಅಬ್ಬಾಸ್ ಕೂಡ ತನ್ನ ರಾಜ್ಯದಲ್ಲಿ ನಿಷೇಧಿಸಿದ್ದ. ಆದ್ರೆ ಆ ಶಾ ಆಸ್ಥಾನಕ್ಕೆ ಜಹಾಂಗೀರ್ ಕಳಿಸಿದ್ದ ರಾಯಭಾರಿ ಖಾನ್ ಆಲಂ ಇದಾನಲ್ಲ, ಅವನಿಗೆ ತಂಬಾಕು ಇಲ್ಲದೆ ಒಂದು ಗಳಿಗೆ ಇರೋಕೆ ಆಗ್ತಿರಲಿಲ್ಲ. ಅವನ ಪರವಾಗಿ ಇನ್ನೊಬ್ಬರು ಶಾಗೆ ಅರಿಕೆ ಮಾಡ್ಕೋಬೇಕಾಯ್ತು. ಶಾ ಅಬ್ಬಾಸ್ ಮನಸ್ಸು ಕರಗಿ, ಎರಡು ಸಾಲಿನ ಪದ್ಯ ಬರೆದು, ಇವನೊಬ್ಬನಿಗೆ ಸೇದೋಕೆ ಅನುಮತಿ ಕೊಟ್ಟ. ಇದನ್ನ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದಾನೆ.

ಈ ಖಾನ್ ಆಲಂ ನನಗೆ ತುಂಬ ಇಷ್ಟವಾದ ಪಾತ್ರ. ಎರಡು ಸಾಮ್ರಾಜ್ಯಗಳ ಮಧ್ಯೆ ರಾಜತಾಂತ್ರಿಕತೆ ನಡೆಸುವಷ್ಟು ಶಿಸ್ತಿನ ಮನುಷ್ಯ. ಅವನಿಗೆ ಮನಸ್ಸು ಗಟ್ಟಿ ಇರಲಿಲ್ಲ ಅಂತ ಯಾರು ಹೇಳ್ತಾರೆ? ಇಬ್ಬರು ಚಕ್ರವರ್ತಿಗಳ ಆಜ್ಞೆ ಒಂದು ಕಡೆ, ಒಂದು ಸೊಪ್ಪು ಇನ್ನೊಂದು ಕಡೆ. ಸೊಪ್ಪು ಗೆದ್ದಿತು. ಚಪಲದ ಬಲ ಎಷ್ಟು ಅನ್ನೋದಕ್ಕೆ ನಾನೂರು ವರ್ಷದ ಹಿಂದಿನ ಸಾಕ್ಷಿ ಇದು.

ಇವೆಲ್ಲ ಹೊಗೆಯ ಕಥೆ. ಕನ್ನಡದ ಪದ ನೋಡಿ, ಹೊಗೆಸೊಪ್ಪು. ಮೊದಲ ಪರಿಚಯ ಹೊಗೆಯಿಂದಲೇ ಆಗಿರಬೇಕು, ಹೆಸರಲ್ಲೇ ಅದು ಉಳ್ಕೊಂಡಿದೆ. ಆದ್ರೆ ನಾವು ಆ ‘ಹೊಗೆ’ ಸೊಪ್ಪನ್ನ ಹೊಗೆಯಿಲ್ಲದೆ ಬಾಯಿಗೆ ಹಾಕ್ಕೊಂಡ್ವಿ, ತಾಂಬೂಲದ ಒಳಗೆ ಸೇರಿಸಿ. ಹುಕ್ಕಾ ಹಚ್ಚೋಕೆ ಕೆಂಡ ಬೇಕು, ಪುರಸೊತ್ತು ಬೇಕು. ಗದ್ದೆಯಲ್ಲಿ ನಾಟಿ ಮಾಡೋರಿಗೆ, ಗಾಡಿ ಹೊಡೆಯೋರಿಗೆ ಎರಡೂ ಇಲ್ಲ. ದವಡೆಯಲ್ಲಿ ಒತ್ತರಿಸಿಕೊಂಡ್ರೆ ಕೈ ಎರಡೂ ಖಾಲಿ, ಹಸಿವೂ ಸ್ವಲ್ಪ ಹೊತ್ತು ಸುಮ್ಮನಿರುತ್ತೆ.

ನಮ್ಮ ಅಜ್ಜಿ ಹತ್ರ ಒಂದು ಎಲೆಅಡಿಕೆ ಸಂಚಿ ಇತ್ತು. ಒಂದು ಖಾನೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗಿನ ಖಾನೆಯಲ್ಲಿ ಕಡ್ಡಿಪುಡಿ. ಯಾರಾದ್ರೂ ಕೇಳಿದ್ರೆ ‘ಹಲ್ಲುನೋವಿಗೆ’ ಅಂತಿದ್ಲು. ತಂಬಾಕು ಅಂದ ತಕ್ಷಣ ಗಂಡಸರ ಚಿತ್ರ ಬರುತ್ತೆ, ಆದ್ರೆ 2016–17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದ ವಯಸ್ಕ ಹೆಂಗಸರಲ್ಲಿ ಶೇ 12.8ರಷ್ಟು ಜನ ಹೊಗೆರಹಿತ ತಂಬಾಕು ಬಳಸ್ತಾರೆ. ಗಂಡಸರಲ್ಲಿ ಶೇ 29.6. ಒಟ್ಟು ಸೇರಿಸಿದ್ರೆ ಸುಮಾರು 20 ಕೋಟಿ ಜನ. ಅದೇ ಸಮೀಕ್ಷೆಯಲ್ಲಿ ಸೇದೋರು ಶೇ 10.7, ಬಾಯಿಗೆ ಹಾಕೋರು ಶೇ 21.4. ಅಂದ್ರೆ ನಮ್ಮ ದೇಶದ ತಂಬಾಕಿನ ಸಮಸ್ಯೆ ಮುಖ್ಯವಾಗಿ ಬಾಯಿದು. ಆದ್ರೂ ಬಿಡೋದರ ಬಗ್ಗೆ ಮಾತು ಬಂದಾಗ ರೀಲ್ಸ್‌ನಲ್ಲಿ ಬರೋದೆಲ್ಲ ಸಿಗರೇಟು.

ಈಗ ಸುಣ್ಣಕ್ಕೆ ವಾಪಸ್ ಬರೋಣ. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೊಸೆಲ್ಟ್ ಮತ್ತು ರೈಮನ್ ಅನ್ನೋ ಇಬ್ಬರು ತಂಬಾಕಿನಿಂದ ನಿಕೋಟಿನ್ ಬೇರ್ಪಡಿಸಿದ್ರು. ಈ ನಿಕೋಟಿನ್‌ಗೆ ಒಂದು ಸ್ವಭಾವ ಇದೆ. ಹುಳಿ ಇರೋ ಕಡೆ, ಅಂದ್ರೆ ಆಮ್ಲದಲ್ಲಿ, ಅದು ವಿದ್ಯುತ್ ಚಾರ್ಜ್ ಹೊತ್ಕೊಂಡಿರುತ್ತೆ, ಬಾಯಿಯ ಒಳಚರ್ಮ ದಾಟೋಕೆ ಕಷ್ಟ. ಕ್ಷಾರ ಇರೋ ಕಡೆ ಚಾರ್ಜ್ ಕಳ್ಕೊಳ್ಳುತ್ತೆ, ಸಲೀಸಾಗಿ ಒಳಗೆ ನುಗ್ಗಿ ರಕ್ತ ಸೇರುತ್ತೆ. ಸುಣ್ಣ ಕ್ಷಾರ. ಅಂಗೈಯಲ್ಲಿ ಖೈನಿಗೆ ಸುಣ್ಣ ಹಾಕಿ ಹೆಬ್ಬೆರಳಲ್ಲಿ ತಿಕ್ತಾರಲ್ಲ, ಅದು ಬರೀ ರುಚಿಗಲ್ಲ. ಕೆಮಿಸ್ಟ್ರಿ ಓದದವರು ತಲೆಮಾರುಗಳಿಂದ ಅಂಗೈಯಲ್ಲೇ ಲ್ಯಾಬ್ ನಡೆಸ್ತಾ ಬಂದಿದಾರೆ. ಸುಣ್ಣ ಸೇರಿದಾಗ ‘ಕಿಕ್ಕು’ ಜಾಸ್ತಿ ಅಂತ ಅನುಭವದಿಂದ ಕಂಡ್ಕೊಂಡ್ರು, ಕಾರಣ ಆಮೇಲೆ ಗೊತ್ತಾಯ್ತು.

ಸಿಗರೇಟಿನ ನಿಕೋಟಿನ್ ಸರ್ರನೆ ಏರಿ ಬೇಗ ಇಳಿಯುತ್ತೆ. ಬಾಯಲ್ಲಿ ಇಟ್ಟಿದ್ದು ನಿಧಾನಕ್ಕೆ ಏರುತ್ತೆ, ತುಂಬ ಹೊತ್ತು ಅದೇ ಮಟ್ಟದಲ್ಲಿ ಇರುತ್ತೆ. ಉಗಿದ ಮೇಲೂ ಒಳಗೆ ಹೋಗ್ತಾ ಇರುತ್ತೆ. ‘ನಾನೇನು ಸೇದಲ್ಲ, ಬರೀ ಹಾಕ್ಕೋತೀನಿ’ ಅನ್ನೋ ಸಮಾಧಾನಕ್ಕೆ ಅರ್ಥ ಇಲ್ಲ. ದಿನದ ಲೆಕ್ಕದಲ್ಲಿ ಮೆದುಳಿಗೆ ಸಿಗೋ ನಿಕೋಟಿನ್ ಕಮ್ಮಿ ಏನಿಲ್ಲ.

ಮೂರನೇ ಬಿಡಿಭಾಗ ಸ್ಯಾಚೆ. ಇದು ನನ್ನ ಏರಿಯಾ. 1970ರ ದಶಕದಲ್ಲಿ ಉತ್ತರ ಭಾರತದಲ್ಲಿ ರೆಡಿಮೇಡ್ ಪಾನ್ ಮಸಾಲಾ ಉದ್ಯಮ ಬೆಳೀತು. ಆಮೇಲೆ ಅದು ತಂಬಾಕು ಸೇರಿ ಗುಟ್ಕಾ ಆಯ್ತು, ಡಬ್ಬಿಯಿಂದ ಸ್ಯಾಚೆಗೆ ಇಳೀತು. ಶಾಂಪೂವಿನಲ್ಲಿ ನಡೆದ ಕ್ರಾಂತಿಯೇ ಇಲ್ಲೂ ನಡೀತು: ಪ್ಯಾಕ್ ಚಿಕ್ಕದು, ಬೆಲೆ ಚಿಲ್ಲರೆ, ಅಂಗಡಿ ಬಾಗಿಲಲ್ಲಿ ತೋರಣ. ಅಜ್ಜಿಯ ಸಂಚಿಯಲ್ಲಿ ಒಂದು ಸಲ ಹಾಕ್ಕೋಬೇಕು ಅಂದ್ರೆ ಎಲೆ ಒರೆಸಬೇಕು, ತೊಟ್ಟು ಮುರೀಬೇಕು, ಸುಣ್ಣ ಹಚ್ಚಬೇಕು, ಅಡಿಕೆ ಕತ್ತರಿಸಬೇಕು. ಐದು ನಿಮಿಷದ ಕೆಲಸ. ಸ್ಯಾಚೆ ಬಂದ ಮೇಲೆ ಹಲ್ಲಲ್ಲಿ ಹರಿ, ಬಾಯಿಗೆ ಸುರಿ. ಮೂರು ಸೆಕೆಂಡು.

ಇಲ್ಲಿ ಕಳೆದುಹೋಗಿದ್ದು ಬಹಳ ಮುಖ್ಯವಾದ ಒಂದು ವಸ್ತು: ಚಪಲಕ್ಕೂ ಅದು ತೀರೋದಕ್ಕೂ ಮಧ್ಯೆ ಇದ್ದ ಸಮಯ. ಯಾಕೆ ಮುಖ್ಯ ಅಂತ ಮುಂದೆ ಹೇಳ್ತೀನಿ.

ಸರ್ಕಾರ ಸುಮ್ಮನೆ ಇರಲಿಲ್ಲ. 2011ರ ಆಹಾರ ಸುರಕ್ಷತಾ ನಿಯಮಗಳು ಯಾವ ತಿನ್ನೋ ಪದಾರ್ಥದಲ್ಲೂ ತಂಬಾಕು, ನಿಕೋಟಿನ್ ಇರಬಾರದು ಅಂದವು. ಅದರ ಆಧಾರದ ಮೇಲೆ ರಾಜ್ಯಗಳು ಒಂದೊಂದಾಗಿ ಗುಟ್ಕಾ ನಿಷೇಧಿಸಿದವು. ಕರ್ನಾಟಕದಲ್ಲಿ ನಿಷೇಧ ಬಂದಿದ್ದು 2013ರ ಮೇ ಕೊನೆಯಲ್ಲಿ. ಮಾರುಕಟ್ಟೆ ಏನು ಮಾಡ್ತು? ಪಾನ್ ಮಸಾಲಾ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು. ಎರಡೂ ಪಕ್ಕಪಕ್ಕದಲ್ಲೇ ನೇತಾಡ್ತವೆ, ಗಿರಾಕಿ ತಾನೇ ಬೆರೆಸ್ಕೋತಾನೆ. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಜೋಡಿ ಪ್ಯಾಕೆಟ್ಟಿನ ವಿಷಯ ಎತ್ತಿ, ನಿಷೇಧ ಸರಿಯಾಗಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳ್ತು. ಇವತ್ತು ನಿಮ್ಮ ಬೀದಿಯ ಗೂಡಂಗಡಿ ಮುಂದೆ ಹೋಗಿ ನಿಂತು ನೋಡಿ, ನಾನು ಹೇಳೋದೇನೂ ಬೇಕಿಲ್ಲ. ನಿಷೇಧ ಬೇಕು, ಹೊಸ ಹುಡುಗರ ಕೈಗೆ ಸಿಗೋದು ಕಮ್ಮಿ ಮಾಡೋಕೆ ಬೇಕೇ ಬೇಕು. ಆದ್ರೆ ಈಗಾಗಲೇ ಅಭ್ಯಾಸ ಇರೋನ ಮಧ್ಯಾಹ್ನದ ಊಟ ಆದ್ಮೇಲಿನ ಐದು ನಿಮಿಷಕ್ಕೆ ಅದು ಉತ್ತರ ಅಲ್ಲ.

ಆ ಐದು ನಿಮಿಷಕ್ಕೆ ಉತ್ತರ ಹುಡುಕೋ ಒಂದು ದೊಡ್ಡ ಪ್ರಯತ್ನ ಶುರುವಾಗಿದ್ದು ಸ್ವೀಡನ್‌ನಲ್ಲಿ. ಅದಕ್ಕೆ ದಾರಿ ತೋರಿಸಿದ್ದು, ವಿಚಿತ್ರ ಅಂದ್ರೆ, ಇದೇ ಹೊಗೆರಹಿತ ತಂಬಾಕು.

1967ರ ಡಿಸೆಂಬರ್‌ನಲ್ಲಿ ಲುಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಲುಂಡ್‌ಗ್ರೆನ್ ಮತ್ತು ಲಿಕ್ಟ್‌ನೆಕರ್ಟ್, ಔಷಧ ಕಂಪನಿಯೊಂದರಲ್ಲಿದ್ದ ತಮ್ಮ ಪರಿಚಯದ ವಿಜ್ಞಾನಿ ಓವೆ ಫೆರ್ನೊಗೆ ಒಂದು ಪತ್ರ ಬರೆದ್ರು. ಸಬ್‌ಮರೀನ್ ಒಳಗೆ ಸೇದೋಕೆ ಬಿಡಲ್ಲ. ಸೇದೋ ಅಭ್ಯಾಸ ಇದ್ದ ನಾವಿಕರು ಅಲ್ಲಿ ಬಾಯಲ್ಲಿ ಇಟ್ಕೊಳ್ಳೋ ತಂಬಾಕಿಗೆ ಬದಲಾಯಿಸಿಕೊಂಡು ಆರಾಮಾಗಿ ಇರ್ತಿದ್ರು. ಅಂದ್ರೆ ದೇಹಕ್ಕೆ ಬೇಕಾಗಿದ್ದು ಹೊಗೆ ಅಲ್ಲ, ನಿಕೋಟಿನ್. ಹಾಗಾದ್ರೆ ಹೊಗೆಯೂ ಇಲ್ಲದೆ, ತಂಬಾಕೂ ಇಲ್ಲದೆ, ಬರೀ ನಿಕೋಟಿನ್ ಸ್ವಲ್ಪ ಸ್ವಲ್ಪ ಕೊಟ್ಟು ಆಮೇಲೆ ಅದನ್ನೂ ಇಳಿಸ್ತಾ ಹೋದ್ರೆ? ಫೆರ್ನೊ ಸ್ವತಃ ವಿಪರೀತ ಸೇದ್ತಿದ್ದ ಮನುಷ್ಯ. ಐಡಿಯಾ ಅವರ ತಲೆಯಲ್ಲಿ ಕೂತ್ಕೊಂಡಿತು. ಹೀಗೆ ನಿಕೋಟಿನ್ ಗಮ್ ಹುಟ್ಟಿತು.

ಮೊದಮೊದಲ ಗಮ್ ಸರಿಯಾಗಿ ಕೆಲಸ ಮಾಡಲಿಲ್ಲ. ನಿಕೋಟಿನ್ ಒಂದೇ ಸಲ ಹೊರಗೆ ಬಂದು ಹೊಟ್ಟೆಗೆ ಹೋಗಿಬಿಡ್ತಿತ್ತು. ಅದನ್ನ ಒಂದು ಬಗೆಯ ರಾಳಕ್ಕೆ ಅಂಟಿಸಿ ನಿಧಾನ ಮಾಡಿದ್ರು. ಆಮೇಲೆ ಬಾಯಿಯ ಒಳಚರ್ಮ ದಾಟಿಸೋಕೆ ಏನು ಮಾಡಿದ್ರು ಹೇಳಿ? ಗಮ್‌ಗೆ ಕ್ಷಾರದ ಗುಣ ಇರೋ ಲವಣ ಸೇರಿಸಿದ್ರು. ಖೈನಿಯಲ್ಲಿ ಸುಣ್ಣ ಮಾಡೋ ಕೆಲಸವನ್ನೇ ಇಲ್ಲಿ ಆ ಲವಣ ಮಾಡ್ತು. ಚಟ ಹಿಡಿಸಿದ ಅದೇ ಉಪಾಯ, ಚಟ ಬಿಡಿಸೋ ಔಷಧಿಯ ಒಳಗೆ. 1978ರಲ್ಲಿ ಸ್ವಿಟ್ಜರ್ಲೆಂಡ್, 1984ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಕೋಟಿನ್ ಬದಲಿ ಚಿಕಿತ್ಸೆಯನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು. ನಮ್ಮಲ್ಲಿ 2 ಮಿಲಿಗ್ರಾಂ ಗಮ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ.

ಈ ಕೆಮಿಸ್ಟ್ರಿ ಗೊತ್ತಿದ್ರೆ ಗಮ್ಮನ್ನ ಹೇಗೆ ಬಳಸಬೇಕು ಅನ್ನೋದೂ ಗೊತ್ತಾಗುತ್ತೆ. ಮಾಮೂಲಿ ಬಬಲ್ ಗಮ್ ಥರ ಕಚಕಚ ಅಗಿಯೋದಲ್ಲ. ನಿಧಾನಕ್ಕೆ ಅಗೀರಿ, ಬಾಯಿ ಜುಮ್ ಅಂದಾಗ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ಮಧ್ಯೆ ಇಡಿ. ಜುಮ್ಮೆನ್ನೋದು ಕಮ್ಮಿ ಆದ್ಮೇಲೆ ಮತ್ತೆ ಅಗೀರಿ. ಹೀಗೆ ಸುಮಾರು ಅರ್ಧ ಗಂಟೆ. ಗಮ್ ಹಾಕ್ಕೊಳ್ಳೋ ಹದಿನೈದು ನಿಮಿಷ ಮುಂಚೆಯಿಂದ ಕಾಫಿ, ಜ್ಯೂಸು, ಸೋಡಾ ಬೇಡ, ಬಾಯಿ ಹುಳಿ ಆದ್ರೆ ನಿಕೋಟಿನ್ ಒಳಗೆ ಹೋಗಲ್ಲ. ‘ಗಮ್ ಹಾಕ್ಕೊಂಡೆ, ಏನೂ ಆಗಲಿಲ್ಲ’ ಅನ್ನೋರು ಮೊದಲು ಇದನ್ನ ಚೆಕ್ ಮಾಡ್ಕೊಳ್ಳಿ. ದಿನಕ್ಕೆ ಎಷ್ಟು, ಎಷ್ಟು ವಾರ ಅಂತ ಡಾಕ್ಟರ್ ಹತ್ರ ಕೇಳಿ. ಬಾಯಲ್ಲಿ ಹುಣ್ಣು ಇದ್ರೆ, ಹೃದಯದ ತೊಂದರೆ ಇದ್ರೆ, ಗರ್ಭಿಣಿಯಾಗಿದ್ರೆ ಕೇಳದೆ ಶುರು ಮಾಡಬೇಡಿ. ಮತ್ತೆ, ಹೊಗೆರಹಿತ ತಂಬಾಕು ಬಿಡೋರಿಗೆ ಗಮ್ ಒಂದೇ ಸಾಕಾಗಲ್ಲ, ಜೊತೆಗೆ ಮಾತಿನ ನೆರವು, ಅಂದ್ರೆ ಆಪ್ತಸಮಾಲೋಚನೆ, ಬೇಕಾಗುತ್ತೆ.

ಈಗ ಆ ಚಪಲದ ಹತ್ರ ಬರೋಣ. ಬಿಟ್ಟ ಮೇಲೆ ಒಳಗೆ ಏನಾಗುತ್ತೆ?

ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧ ಆಗುತ್ತೆ. ಹಾಗಾಗಿ ಬಿಟ್ಟ ದಿನವೇ ಚಡಪಡಿಕೆ ಶುರು. ಎರಡನೇ, ಮೂರನೇ ದಿನ ತುತ್ತತುದಿ. ಸಿಟ್ಟು ಬರುತ್ತೆ, ಗಮನ ನಿಲ್ಲಲ್ಲ, ನಿದ್ದೆ ಕೆಡುತ್ತೆ, ಹಸಿವು ಜಾಸ್ತಿ ಆಗುತ್ತೆ, ಮನಸ್ಸು ಕುಗ್ಗುತ್ತೆ. ಬೆಳಿಗ್ಗೆ ಹಾಕ್ಕೊಂಡ್ರೇನೇ ಹೊಟ್ಟೆ ಕ್ಲಿಯರ್ ಆಗೋದು ಅನ್ನೋರು ಇರ್ತಾರಲ್ಲ, ಅದೂ ಸುಳ್ಳಲ್ಲ. ನಿಕೋಟಿನ್ ಕರುಳನ್ನ ಚುರುಕು ಮಾಡುತ್ತೆ, ಬಿಟ್ಟಾಗ ಕೆಲವರಿಗೆ ಮಲಬದ್ಧತೆ ಆಗುತ್ತೆ. ಬೆಳಿಗ್ಗೆ ಬಿಸಿನೀರು, ಊಟದಲ್ಲಿ ಸೊಪ್ಪು, ಕಾಳು, ಹಣ್ಣು, ಒಂದು ಸುತ್ತು ನಡಿಗೆ. ಕರುಳು ತನ್ನ ಕೆಲಸ ತಾನೇ ಕಲಿತ್ಕೊಳ್ಳುತ್ತೆ. ಈ ದೇಹದ ಭಾಗ ಎಲ್ಲ ಎರಡರಿಂದ ನಾಲ್ಕು ವಾರದಲ್ಲಿ ಬಹಳಷ್ಟು ತಗ್ಗುತ್ತೆ.

ಉಳಿಯೋದು ಇನ್ನೊಂದು ಭಾಗ, ನೆನಪಿನ ಚಪಲ. ರಷ್ಯಾದ ಪಾವ್ಲೊವ್ ನಾಯಿಗಳ ಕಥೆ ಸ್ಕೂಲಲ್ಲಿ ಓದಿರ್ತೀರಿ. ಊಟದ ಸುಳಿವು ಸಿಕ್ಕಿದ್ರೆ ಸಾಕು, ಜೊಲ್ಲು. ನಮಗೂ ಹಾಗೇ. ಊಟ ಮುಗೀತು, ಬಸ್ ನಿಂತಿತು, ಶಿಫ್ಟ್ ಬ್ರೇಕ್ ಆಯ್ತು, ಆ ಒಬ್ಬ ಫ್ರೆಂಡು ಬಂದ, ಇವೆಲ್ಲ ಗಂಟೆ ಬಾರಿಸಿದ ಹಾಗೆ. ತಿಂಗಳುಗಳ ಮೇಲೂ ಬಾರಿಸುತ್ತೆ. ‘ಎಲ್ಲ ಸರಿಹೋಗಿತ್ತು, ಮದುವೆ ಮನೇಲಿ ತಾಂಬೂಲದ ತಟ್ಟೆ ನೋಡಿದ ತಕ್ಷಣ ಮತ್ತೆ ಬೇಕು ಅನ್ಸ್ತು’ ಅಂದ್ರೆ ನೀವು ಸೋತಿದೀರಿ ಅಂತ ಅರ್ಥ ಅಲ್ಲ. ಗಂಟೆ ಬಾರಿಸಿತು, ಅಷ್ಟೇ.

ಒಳ್ಳೆ ಸುದ್ದಿ ಏನಂದ್ರೆ, ಒಂದೊಂದು ಸಲದ ಚಪಲದ ಆಯುಷ್ಯ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ಹಾಕ್ಕೊಂಡ್ರೂ ಹೋಗುತ್ತೆ, ಹಾಕ್ಕೊಳ್ಳದಿದ್ರೂ ಹೋಗುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನ ಸಮುದ್ರದ ಅಲೆಗೆ ಹೋಲಿಸಿದ್ರು. ಅಲೆ ಎದುರು ಎದೆ ಕೊಟ್ಟು ನಿಂತ್ರೆ ಬೀಳಿಸುತ್ತೆ. ಅದರ ಜೊತೆಗೇ ತೇಲಿದ್ರೆ ಏರಿ, ತುದಿ ಮುಟ್ಟಿ, ಇಳಿಯುತ್ತೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ನೀರಿಗಿಳಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಸ್ಯಾಚೆ ಕಿತ್ಕೊಂಡಿದ್ದು ಇದೇ ಐದು ನಿಮಿಷವನ್ನ. ಅದನ್ನ ವಾಪಸ್ ತಗೊಳ್ಳೋದೇ ಅರ್ಧ ಕೆಲಸ. ಜೇಬಲ್ಲಿ, ಗಾಡಿ ಡಿಕ್ಕಿಯಲ್ಲಿ, ಆಫೀಸ್ ಡ್ರಾಯರಲ್ಲಿ ಒಂದೂ ಇರಬಾರದು, ಬೇಕಂದ್ರೆ ಎದ್ದು ಅಂಗಡಿಗೇ ಹೋಗೋ ಹಾಗೆ ಇರಬೇಕು. ಚಪಲ ಬಂದಾಗ ಫೋನಲ್ಲಿ ಟೈಮರ್ ಹಾಕಿ, ಹತ್ತು ನಿಮಿಷ. ಅಷ್ಟರಲ್ಲಿ ನಾಲ್ಕು ಕೆಲಸ: ಮುಂದೂಡಿ, ನೀರು ಗುಟುಕು ಗುಟುಕಾಗಿ ಕುಡೀರಿ, ದೀರ್ಘ ಉಸಿರು ತಗೊಳ್ಳಿ, ಇದ್ದ ಜಾಗದಿಂದ ಎದ್ದು ಬೇರೆ ಏನಾದ್ರೂ ಮಾಡಿ. ಊಟ ಆದ ತಕ್ಷಣ ಹಲ್ಲುಜ್ಜಿ. ಟೂತ್‌ಪೇಸ್ಟ್ ರುಚಿ ಬಾಯಲ್ಲಿದ್ರೆ ‘ಊಟ ಮುಗೀತು’ ಅನ್ನೋ ಹೊಸ ಗಂಟೆ ಅದೇ ಆಗುತ್ತೆ.

ಬಾಯಿಗೆ ಏನಾದ್ರೂ ಬೇಕು ಅನ್ನೋದನ್ನ ಹಗುರವಾಗಿ ತಗೋಬೇಡಿ. ಅಮೆರಿಕದ ಬೇಸ್‌ಬಾಲ್ ಆಟಗಾರರಲ್ಲಿ ತಂಬಾಕು ಅಗಿಯೋದು ನಮ್ಮ ಗುಟ್ಕಾ ಥರವೇ ಬೇರೂರಿತ್ತು. ರಾಬ್ ನೆಲ್ಸನ್ ಮತ್ತು ಜಿಮ್ ಬೌಟನ್ ಅನ್ನೋ ಇಬ್ಬರು ಆಟಗಾರರು ಬಬಲ್ ಗಮ್ಮನ್ನೇ ತಂಬಾಕಿನ ಹಾಗೆ ಎಳೆಎಳೆಯಾಗಿ ಕತ್ತರಿಸಿ, ಅದೇ ಥರದ ಚೀಲದಲ್ಲಿ ತುಂಬೋ ಯೋಚನೆ ಮಾಡಿದ್ರು. 1980ರಲ್ಲಿ ಅದು ಮಾರುಕಟ್ಟೆಗೆ ಬಂತು. ಕೈಗೂ ಬಾಯಿಗೂ ಅದೇ ಕೆಲಸ, ಒಳಗೆ ವಿಷ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬರಗಾಲ ಇಲ್ಲ: ಲವಂಗ, ಏಲಕ್ಕಿ, ಸೋಂಪು, ಒಣಗಿಸಿದ ನೆಲ್ಲಿಕಾಯಿ, ಹುರಿದ ಶೇಂಗಾ, ಕ್ಯಾರೆಟ್ ತುಂಡು.

ಆದ್ರೆ ‘ತಂಬಾಕು ಬಿಟ್ಟೆ, ಬರೀ ಅಡಿಕೆ, ಬರೀ ಪಾನ್ ಮಸಾಲಾ’ ಅನ್ನೋ ದಾರಿ ಬೇಡ. ಅಬ್ದುರ್ ರಜಾಕನ ಮಾತು ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಅದಕ್ಕೇ. ಅಡಿಕೆಗೆ ತನ್ನದೇ ಚಪಲ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ರಾಜ್ಯದ ಎಷ್ಟೋ ಮನೆಗಳು ಅಡಿಕೆ ತೋಟದ ಮೇಲೆ ನಿಂತಿವೆ, ನನಗೆ ಗೊತ್ತು. ಆದ್ರೂ ಬಾಯಿಯ ವಿಷಯದಲ್ಲಿ ಇದನ್ನ ಮುಚ್ಚಿಡೋಕೆ ಆಗಲ್ಲ. ಖಾರ ತಿಂದ್ರೆ ಬಾಯಿ ಉರೀತಿದ್ರೆ, ಒಳಗೆ ಬಿಳಿ ಅಥವಾ ಕೆಂಪು ಕಲೆ ಇದ್ರೆ, ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕೋಕೆ ಆಗದಿದ್ರೆ, ಈ ವಾರವೇ ದಂತವೈದ್ಯರಿಗೆ ತೋರಿಸಿ.

ನಮ್ಮ ಸಂಬಂಧಿಕರೊಬ್ಬರು ಲಾರಿ ಓಡಿಸ್ತಾರೆ. ಇಪ್ಪತ್ತು ವರ್ಷದ ಅಭ್ಯಾಸ ಬಿಟ್ರು. ಗುಟ್ಟೇನು ಅಂತ ಕೇಳಿದ್ರೆ ದೊಡ್ಡ ಮಾತೇನೂ ಹೇಳಲಿಲ್ಲ. ‘ಟೀ ಕುಡಿಯೋ ಅಂಗಡಿ ಬದಲಾಯಿಸಿದೆ’ ಅಂದ್ರು. ಮೊದಲಿನ ಅಂಗಡಿಯಲ್ಲಿ ಟೀ ಜೊತೆ ಮಾಲೂ ಸಿಗ್ತಿತ್ತು, ಹೊಸದರಲ್ಲಿ ಬರೀ ಟೀ. ಎರಡು ಸಲ ಮಧ್ಯೆ ಜಾರಿದ್ರಂತೆ, ಮೂರನೇ ಸಲ ನಿಂತಿತು. ಜಾರಿದವರಿಗೆ ಇದೊಂದು ಲೆಕ್ಕ: ನಲವತ್ತು ದಿನ ಬಿಟ್ಟು ಒಂದು ದಿನ ಹಾಕ್ಕೊಂಡ್ರೆ ಖಾತೆಯಲ್ಲಿ ನಲವತ್ತು ದಿನ ಹಾಗೇ ಇದೆ. ಸೊನ್ನೆಯಿಂದ ಶುರು ಮಾಡಬೇಕಿಲ್ಲ, ಯಾವ ಗಂಟೆ ಬಾರಿಸಿತು ಅಂತ ಮಾತ್ರ ಬರ್ಕೊಳ್ಳಿ.

ದುಡ್ಡಿನ ಲೆಕ್ಕವೂ ಇರಲಿ. ದಿನಕ್ಕೆ ನೂರು ರೂಪಾಯಿ ಅಂತ ಇಟ್ಕೊಂಡ್ರೆ ವರ್ಷಕ್ಕೆ 36,500. ಬಿಟ್ಟ ದಿನದಿಂದ ಆ ನೂರನ್ನ ಬೇರೆ ಖಾತೆಗೆ ಹಾಕ್ತಾ ಬನ್ನಿ. ಚಪಲ ಬಂದಾಗ ಆ ಬ್ಯಾಲೆನ್ಸ್ ನೋಡೋದಕ್ಕೂ ಒಂದು ನಿಮಿಷ ಹೋಗುತ್ತೆ.

ಒಬ್ಬರೇ ಹೋರಾಡೋ ಅಗತ್ಯನೂ ಇಲ್ಲ. 2002ರಲ್ಲಿ ದೇಶದ ಹದಿಮೂರು ಕಡೆ ತಂಬಾಕು ಬಿಡಿಸೋ ಕ್ಲಿನಿಕ್‌ಗಳು ಶುರುವಾದಾಗ ಬೆಂಗಳೂರಿನ ನಿಮ್ಹಾನ್ಸ್ ಅದರಲ್ಲಿ ಒಂದಾಗಿತ್ತು. ಆಮೇಲೆ 2016ರಲ್ಲಿ ರಾಷ್ಟ್ರೀಯ ಕ್ವಿಟ್‌ಲೈನ್ ದೆಹಲಿಯಲ್ಲಿ ಶುರುವಾಯ್ತು, ಮುಂದೆ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ ಆಯ್ತು. ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ನಂಬರು 1800-11-2356, ಕರೆ ಉಚಿತ. ಈ ನಂಬರು ಎಲ್ಲಿ ಅಚ್ಚಾಗಿದೆ ಗೊತ್ತಾ? 2018ರ ಸೆಪ್ಟೆಂಬರ್‌ನಿಂದ ಪ್ರತಿ ತಂಬಾಕು ಪ್ಯಾಕೆಟ್ಟಿನ ಮೇಲೆ, ಆ ಭಯಂಕರ ಚಿತ್ರದ ಜೊತೆಗೆ. ಇಷ್ಟು ವರ್ಷ ಹರಿದು ಬಿಸಾಕಿದ ಪ್ಯಾಕೆಟ್ಟಿನಲ್ಲೇ ಇತ್ತು. ಕರೆ ಮಾಡಿದ್ರೆ ಅವರು ಬೈಯಲ್ಲ, ಉಪದೇಶ ಮಾಡಲ್ಲ. ಯಾವಾಗಿಂದ, ದಿನಕ್ಕೆ ಎಷ್ಟು, ಯಾವ ಹೊತ್ತಲ್ಲಿ ಚಪಲ ಜಾಸ್ತಿ ಅಂತ ಕೇಳಿ, ಬಿಡೋ ದಿನ ನಿಗದಿ ಮಾಡಿಸಿ, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸ್ತಾರೆ.

ರೂಮ್‌ಮೇಟ್‌ಗಳಿಗೆ, ಮನೆಯವರಿಗೆ ಒಂದು ಕೋರಿಕೆ. ಬಿಟ್ಟವನು ಮೂರನೇ ದಿನ ಸಣ್ಣ ವಿಷಯಕ್ಕೆ ರೇಗಿದ್ರೆ ಮನಸ್ಸಿಗೆ ಹಚ್ಕೋಬೇಡಿ, ಅದು ನಿಕೋಟಿನ್ ಇಳಿಯೋ ಸದ್ದು. ‘ಇವನ ಕೈಲಿ ಆಗಲ್ಲ ಬಿಡು’ ಅಂತ ತಮಾಷೆಗೂ ಅನ್ನಬೇಡಿ. ಊಟ ಆದ ತಕ್ಷಣ ‘ಬಾ, ಒಂದು ರೌಂಡ್ ನಡ್ಕೊಂಡು ಬರೋಣ’ ಅಂತ ಎಬ್ಬಿಸಿ. ಹತ್ತು ನಿಮಿಷ ಸಾಕು.

ಈ ಎಪಿಸೋಡನ್ನ ಯಾರಿಗೆ ಕಳಿಸಬೇಕು ಅಂತ ಈಗಾಗಲೇ ಒಂದು ಹೆಸರು ನಿಮ್ಮ ತಲೆಗೆ ಬಂದಿರುತ್ತೆ, ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.